ಬೈಟಿಗೆ ಬೆಲೆ ಇದ್ದ ಕಾಲ

ಐವತ್ತು ದಾಟಿದ ಇಬ್ಬರು ಕಂಪ್ಯೂಟರ್ ಹುಚ್ಚಿನವರು ಮದುವೆಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತರೆ, ಮಾತು ಮಳೆಯಿಂದ ಶುರುವಾಗಲಿ, ರಾಜಕೀಯದಿಂದ ಶುರುವಾಗಲಿ, ಎಲೆಗೆ ಪಾಯಸ ಬೀಳುವ ಹೊತ್ತಿಗೆ ಹಳೇ ರೇಟುಗಳಿಗೆ ಬಂದು ನಿಂತಿರುತ್ತದೆ. "ನಿಮ್ಮದು ಮೊದಲನೇದು ಯಾವುದು ಸಾರ್?" "ತ್ರೀ ಏಯ್ಟಿ ಸಿಕ್ಸು, ಎಸ್ಎಕ್ಸು." "ಹಾರ್ಡ್ ಡಿಸ್ಕು?" "ನಲವತ್ತು ಎಂಬಿ." "ಓಹೋ, ನಲವತ್ತು! ನಮ್ಮಲ್ಲಿ ಮೊದಲು ಬಂದದ್ದು ಇಪ್ಪತ್ತರದ್ದು." ಆಮೇಲೆ ಸ್ವಲ್ಪ ಬಾಗಿ, ದನಿ ತಗ್ಗಿಸಿ, ಬಲು ಆಪ್ತವಾದ ಪ್ರಶ್ನೆ: "ಆಗ ಎಷ್ಟು ಕೊಟ್ರಿ?" ಅವರು ಅಂಕಿ ಹೇಳುತ್ತಾರೆ. ಇವರು ಹುಬ್ಬೇರಿಸಿ ತಲೆದೂಗುತ್ತಾರೆ. ಪ್ರಾವಿಡೆಂಟ್ ಫಂಡಿನಿಂದ ತೆಗೆದ ಸಾಲ, ಮುಂದಕ್ಕೆ ಹೋದ ಸ್ಕೂಟರ್ ಬುಕಿಂಗು, ಮನೆಯಾಕೆ ತುಟಿ ಬಿಗಿದು ಒಪ್ಪಿಕೊಂಡ ಸಂಜೆ, ಎಲ್ಲವೂ ಆ ತಲೆದೂಗುವಿಕೆಯಲ್ಲಿ ಅಡಗಿರುತ್ತವೆ.

ಇಂಥ ಮಾತು ಎಷ್ಟು ಹೊತ್ತು ನಡೆದರೂ ನನಗೆ ಸಾಕೆನಿಸುವುದಿಲ್ಲ. ಆದರೆ ಯೋಚಿಸಿ ನೋಡಿದರೆ ಇದು ಸೋಜಿಗದ ವಿಷಯವೇ. ದುಬಾರಿ ತೆತ್ತ ನೆನಪು ಸಾಮಾನ್ಯವಾಗಿ ಮನುಷ್ಯರಿಗೆ ಸಿಹಿಯಾಗಿರುವುದಿಲ್ಲ. ಈ ಯಂತ್ರಗಳ ರೇಟು ಮಾತ್ರ ಮೂವತ್ತು ನಲವತ್ತು ವರ್ಷಗಳಾದ ಮೇಲೂ ಯಾಕೆ ನಾಲಿಗೆಯ ತುದಿಯಲ್ಲಿದೆ? ನನಗೆ ತೋರುವ ಉತ್ತರ ಇದು: ಬೈಟು ಬೈಟಿಗೂ ಬೆಲೆ ಇದ್ದದ್ದರಿಂದ, ಆ ಬೆಲೆಯನ್ನು ತಪ್ಪಿಸಿಕೊಳ್ಳಲು ಮನುಷ್ಯರು ಹೂಡಿದ ಯುಕ್ತಿಗಳು ಆ ಪೆಟ್ಟಿಗೆಗಳ ಒಳಗೆಲ್ಲ ತುಂಬಿಕೊಂಡವು. ನಾವು ಪ್ರೀತಿಸಿದ್ದು ಆ ಯುಕ್ತಿಗಳನ್ನು. ರೇಟು ಆ ನೆನಪಿಗೆ ಕಟ್ಟಿದ ಚೀಟಿ ಅಷ್ಟೆ. ಹಳೆಯ ಮನೆ-ಕಂಪ್ಯೂಟರುಗಳಲ್ಲಿ ಯಾವುದನ್ನು ಬೇಕಾದರೂ ತೆಗೆದುಕೊಳ್ಳಿ, ಅದರ ಕೀರ್ತಿಗೆ ಕಾರಣವಾದ ಗುಣದ ಬೆನ್ನು ಹತ್ತಿ ಹೋದರೆ ಕೊನೆಗೆ "ಈ ಭಾಗಕ್ಕೆ ದುಡ್ಡು ಬಹಳ ಆಗುತ್ತೆ, ಇದಿಲ್ಲದೆ ಆಗುವುದು ಹೇಗೆ?" ಎಂದು ಯಾರೋ ತಲೆ ಕೆರೆದುಕೊಂಡ ಒಂದು ರಾತ್ರಿ ಸಿಗುತ್ತದೆ.

ಮೊದಲಿಂದ ಬರೋಣ. 1975ರ ಜನವರಿಯ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಪೆಟ್ಟಿಗೆ ಕಾಣಿಸಿಕೊಂಡಿತು; ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ಊರಿನಿಂದ ಬಂದದ್ದು, ಬಿಡಿಭಾಗಗಳ ಕಿಟ್ಟಿಗೆ ಸುಮಾರು 400 ಡಾಲರ್. ಕೀಬೋರ್ಡಿಲ್ಲ, ಪರದೆಯಿಲ್ಲ. ಮುಂದೆ ಸಾಲಾಗಿ ಸ್ವಿಚ್ಚುಗಳು, ಮೇಲೆ ಸಾಲಾಗಿ ಪುಟ್ಟ ಕೆಂಪು ದೀಪಗಳು. ಜೊತೆಗೆ ಕೊಡುತ್ತಿದ್ದ ಮೆಮೊರಿ 256 ಬೈಟು. ಕಿಲೋಬೈಟಲ್ಲ, ಬೈಟು. ಇವತ್ತು ನಾವು ಬಳಸುವ ಯೂನಿಕೋಡ್ ಪಠ್ಯದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಆ ಲೆಕ್ಕದಲ್ಲಿ ಈ ಪ್ಯಾರಾದ ಎರಡನೆಯ ವಾಕ್ಯವೇ ಆಲ್ಟೇರಿನೊಳಗೆ ಹಿಡಿಸುವುದಿಲ್ಲ. ಅಂಥದ್ದಕ್ಕೆ ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಬೇಸಿಕ್ ಭಾಷೆಯನ್ನು ಬರೆದುಕೊಟ್ಟರು, 4 ಕಿಲೋಬೈಟ್ ಮೆಮೊರಿಯಲ್ಲಿ ಓಡುವ ಹಾಗೆ. ಆ 4 ಕಿಲೋಬೈಟಿನಲ್ಲೇ ಭಾಷೆಯೂ ಕೂರಬೇಕು, ಬಳಸುವವನು ಬರೆಯುವ ಪ್ರೋಗ್ರಾಮಿಗೂ ಜಾಗ ಉಳಿಯಬೇಕು. ಮುಂದೆ ಜಗತ್ತಿನ ಅತಿ ದೊಡ್ಡ ಸಾಫ್ಟ್‌ವೇರ್ ಕಂಪನಿಯಾದದ್ದರ ಮೊದಲ ಸರಕು ಅದು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಮೇಳ ನಡೆಯಿತು. ಆಗ ಇಂಟೆಲ್, ಮೊಟೊರೋಲಾಗಳ ಪ್ರೊಸೆಸರ್ ಚಿಪ್ಪಿಗೆ ನೂರಾರು ಡಾಲರ್ ಬೆಲೆ. ಚಕ್ ಪೆಡಲ್ ಮತ್ತು ಸಂಗಡಿಗರು ತಮ್ಮ 6502 ಚಿಪ್ಪನ್ನು 25 ಡಾಲರಿಗೆ ಮಾರಲು ಬಂದರು. ಮೇಳದ ಮಳಿಗೆಯಲ್ಲಿ ಸ್ಥಳದಲ್ಲೇ ಮಾರುವಂತಿರಲಿಲ್ಲ. ಹೋಟೆಲಿನ ಕೋಣೆಯಲ್ಲಿ ಗಾಜಿನ ಜಾಡಿಯ ತುಂಬ ಚಿಪ್ಪು ಸುರಿದಿಟ್ಟು ಮಾರಿದರು. ಜಾಡಿಯ ಕೆಳಭಾಗದಲ್ಲಿದ್ದವು ಕೆಲಸಕ್ಕೆ ಬಾರದವು; ತಯಾರಿಕೆ ಇನ್ನೂ ಹದಕ್ಕೆ ಬಂದಿರಲಿಲ್ಲ, ಆದರೂ ನೋಡುವವರಿಗೆ ಜಾಡಿ ತುಂಬಿದೆ ಅನ್ನಿಸಬೇಕಲ್ಲ! ಆ 25 ಡಾಲರಿನ ಚಿಪ್ಪನ್ನೇ ನಂಬಿ ಸ್ಟೀವ್ ವೋಜ್ನಿಯಾಕ್ ಆಪಲ್ ಕಟ್ಟಿದರು. ಕಮೋಡೋರ್, ಅಟಾರಿ, ಬಿಬಿಸಿ ಮೈಕ್ರೋ ಎಲ್ಲವೂ ಆ ಚಿಪ್ಪಿನ ವಂಶದವೇ. ಒಂದು ಬಿಡಿಭಾಗದ ರೇಟು ಇಳಿದದ್ದಕ್ಕೆ ಲಕ್ಷಾಂತರ ಮನೆಗಳ ಮಕ್ಕಳ ಬದುಕು ಬೇರೆ ದಾರಿ ಹಿಡಿಯಿತು.

ವೋಜ್ನಿಯಾಕ್ ಹೆಸರು ಬಂದ ಮೇಲೆ ಫ್ಲಾಪಿಯ ಕಥೆ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. 1977ರ ಕೊನೆಯಲ್ಲಿ ಆಪಲ್ 2ಕ್ಕೆ ಫ್ಲಾಪಿ ಡ್ರೈವ್ ಬೇಕಾಯಿತು. ಆಗಿನ ಡ್ರೈವುಗಳ ಜೊತೆ ಬರುತ್ತಿದ್ದ ಕಂಟ್ರೋಲರ್ ಬೋರ್ಡಿನ ತುಂಬ ಚಿಪ್ಪುಗಳು, ಚಿಪ್ಪಿಗೊಂದು ಬೆಲೆ. ವೋಜ್ನಿಯಾಕ್ ಕ್ರಿಸ್‌ಮಸ್ ರಜೆಯಲ್ಲಿ ಕೂತು, ಬೋರ್ಡು ಮಾಡುವ ಕೆಲಸದಲ್ಲಿ ಬಹುಪಾಲನ್ನು ಪ್ರೋಗ್ರಾಮಿಗೆ ಒಪ್ಪಿಸಿದರು. ಉಳಿದದ್ದು ಎಂಟೇ ಚಿಪ್ಪು. ಡ್ರೈವ್ ಕೂಡ ಬೋಳು ಯಂತ್ರಭಾಗವನ್ನಷ್ಟೇ ಕೊಂಡು ತಮಗೆ ಬೇಕಾದ ಹಾಗೆ ಮಾಡಿಕೊಂಡದ್ದು. 1978ರಲ್ಲಿ ಅದು ಮುಂಗಡ ಕೊಟ್ಟವರಿಗೆ 495 ಡಾಲರಿಗೆ ಸಿಕ್ಕಿತು. ಅದೇನು ಅಗ್ಗವಲ್ಲ, ಆದರೂ ಆ ಕಾಲಕ್ಕೆ ಅದರ ಸರಿಸಮಕ್ಕೆ ಬರುವ ಡ್ರೈವ್ ಮತ್ತೊಂದಿರಲಿಲ್ಲ. ಮೊದಮೊದಲು ಒಂದು ಫ್ಲಾಪಿಯಲ್ಲಿ 113 ಕಿಲೋಬೈಟು ಹಿಡಿಸುತ್ತಿತ್ತು. ಬಳಸುವವರೂ ಸುಮ್ಮನಿರಲಿಲ್ಲ. ಆ ಡ್ರೈವು ಫ್ಲಾಪಿಯ ಒಂದೇ ಮಗ್ಗುಲನ್ನು ಓದುತ್ತಿತ್ತು, ಮತ್ತು ಅಂಚಿನಲ್ಲಿ ಒಂದು ಕಚ್ಚು ಇದ್ದರೆ ಮಾತ್ರ ಬರೆಯುತ್ತಿತ್ತು. ಜನ ಕತ್ತರಿಯಿಂದ ಎದುರಿನ ಅಂಚಿಗೂ ಅಂಥದ್ದೇ ಕಚ್ಚು ಹಾಕಿದರು, ಫ್ಲಾಪಿಯನ್ನು ಮಗುಚಿ ಹಾಕಿದರು. ಒಂದರ ದುಡ್ಡಿಗೆ ಎರಡು! ಈ ಕೆಲಸಕ್ಕೆಂದೇ ಕಚ್ಚು ಹೊಡೆಯುವ ಪುಟ್ಟ ಸಾಧನ ಅಂಗಡಿಗೆ ಬಂತು.

ಇನ್ನು ಇಂಗ್ಲೆಂಡಿಗೆ ಹೋಗೋಣ. ಬೆಲೆ ಕಡಿಮೆ ಮಾಡುವುದನ್ನೇ ವ್ರತ ಮಾಡಿಕೊಂಡಿದ್ದ ಒಬ್ಬರನ್ನು ಹೆಸರಿಸಿ ಎಂದರೆ ನಾನು ಕ್ಲೈವ್ ಸಿಂಕ್ಲೇರ್ ಎನ್ನುತ್ತೇನೆ. 2021ರಲ್ಲಿ ಅವರು ತೀರಿಕೊಂಡಾಗ ಕೀಬೋರ್ಡಿನ ಮುಂದೆ ಬೆಳೆದ ಒಂದು ತಲೆಮಾರು ಮನೆಯ ಹಿರಿಯರನ್ನು ಕಳೆದುಕೊಂಡಿತು. 1980ರಲ್ಲಿ ಅವರ ಜೆಡ್‌ಎಕ್ಸ್ 80 ಬಂತು: ಜೋಡಿಸಿದ್ದು 99.95 ಪೌಂಡು, ಮನೆಯಲ್ಲಿ ಬೆಸುಗೆ ಹಾಕಿಕೊಳ್ಳುತ್ತೇನೆ ಎನ್ನುವವರಿಗೆ 79.95. ನೂರು ಪೌಂಡಿನ ಒಳಗೆ ಕಂಪ್ಯೂಟರು! ಮರುವರ್ಷದ ಜೆಡ್‌ಎಕ್ಸ್ 81 ಇನ್ನೂ ಇಳಿಯಿತು: 69.95, ಕಿಟ್ಟಿಗೆ 49.95. ಮೆಮೊರಿ ಎರಡರಲ್ಲೂ 1 ಕಿಲೋಬೈಟು.

ಜೆಡ್‌ಎಕ್ಸ್ 81ರ ಮುಚ್ಚಳ ತೆಗೆದರೆ ಮನಸ್ಸು ತುಂಬಿ ಬರುತ್ತದೆ. ನಾಲ್ಕೋ ಐದೋ ಚಿಪ್ಪು, ಅಷ್ಟೆ. ಪರದೆಗೆ ಚಿತ್ರ ಕಳಿಸುವ ಪ್ರತ್ಯೇಕ ಚಿಪ್ಪಿಗೆ ದುಡ್ಡಿಲ್ಲ, ಹಾಗಾಗಿ ಆ ಕೆಲಸವನ್ನು ಪ್ರೊಸೆಸರಿಗೇ ಹೊರಿಸಿದರು. ಒಲೆಯ ಮೇಲೆ ಹಾಲಿಟ್ಟು, ಕಣ್ಣನ್ನು ಪಾತ್ರೆಯ ಮೇಲಿಟ್ಟು, ನಡುನಡುವೆ ಸಿಕ್ಕಿದ ಬಿಡುವಿನಲ್ಲಿ ತರಕಾರಿ ಹೆಚ್ಚುವವರ ಹಾಗೆ, ಆ ಒಂದೇ ಪ್ರೊಸೆಸರು ತನ್ನ ಹೊತ್ತಿನ ಬಹುಭಾಗವನ್ನು ಟಿವಿಗೆ ಚಿತ್ರ ಕಳಿಸುವುದರಲ್ಲಿ ಕಳೆದು, ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ನಮ್ಮ ಲೆಕ್ಕ ಮಾಡುತ್ತಿತ್ತು. ಲೆಕ್ಕ ಬೇಗ ಬೇಕೆಂದರೆ "ಫಾಸ್ಟ್" ಎಂಬ ಆಜ್ಞೆ ಕೊಡಬಹುದು. ಆಗ ಪರದೆ ಖಾಲಿಯಾಗುತ್ತದೆ, ಲೆಕ್ಕ ಮುಗಿದ ಮೇಲೆ ಚಿತ್ರ ಮರಳುತ್ತದೆ. ಮೆಮೊರಿಯ ಸಂಗತಿ ಇನ್ನೂ ಸೂಕ್ಷ್ಮ. ಪರದೆಯ 24 ಸಾಲೂ ಭರ್ತಿಯಾದರೆ ಅದಕ್ಕೇ 793 ಬೈಟು ಬೇಕು. ಇರುವುದೇ 1024. ಅದಕ್ಕಾಗಿ ಬರೆದಷ್ಟು ಸಾಲಿಗೆ ಮಾತ್ರ ಜಾಗ, ಖಾಲಿ ಸಾಲಿಗೆ ಒಂದೇ ಬೈಟು ಎಂಬ ಏರ್ಪಾಡು. "ಪ್ರಿಂಟ್" ಎಂಬ ಪದವನ್ನು ಅಕ್ಷರ ಅಕ್ಷರವಾಗಿ ಒತ್ತುವ ಹಾಗಿಲ್ಲ. ಒಂದು ಕೀಲಿ ಒತ್ತಿದರೆ ಇಡೀ ಪದ ಮೂಡುತ್ತದೆ, ಒಳಗೆ ಅದಕ್ಕೆ ಒಂದೇ ಬೈಟು.

ಇಷ್ಟು ಬಿಗಿಯೊಳಗೆ ಏನು ಮಾಡಲು ಸಾಧ್ಯ ಎಂದು ಕೇಳುವವರಿಗೆ ನನ್ನ ಉತ್ತರ ಡೇವಿಡ್ ಹೋರ್ನ್ ಬರೆದ ಚೆಸ್. ಜೆಡ್‌ಎಕ್ಸ್ 81ರ ಆ 1 ಕಿಲೋಬೈಟಿನಲ್ಲಿ, 672 ಬೈಟಿನ ಪ್ರೋಗ್ರಾಮು. ಕುದುರೆಯ ನಡೆ, ಒಂಟೆಯ ನಡೆ, ಯಾವುದನ್ನು ಹೊಡೆದರೆ ಲಾಭ ಎಂಬ ವಿಚಾರ, ಎಲ್ಲ ಅದರೊಳಗೇ. ಕ್ಯಾಸ್ಲಿಂಗಿನಂಥ ಒಂದೆರಡು ನಿಯಮ ಬಿಟ್ಟುಹೋಗಿವೆ, ನಿಜ. ಆದರೆ ಎದುರಿಗೆ ಕೂತು ಆಡುತ್ತದೆ! ಇದನ್ನು ನಾನು ಮನುಷ್ಯ ಬರೆದ ಅತ್ಯುತ್ತಮ ಗದ್ಯದ ಸಾಲಿಗೆ ಸೇರಿಸುತ್ತೇನೆ. ಒಂದು ಪದವೂ ಹೆಚ್ಚಿಲ್ಲದ ಬರವಣಿಗೆ ಎಂದು ನಾವು ಹೊಗಳುತ್ತೇವಲ್ಲ, ಇಲ್ಲಿ ಒಂದು ಬಿಟ್ಟೂ ಹೆಚ್ಚಿಲ್ಲ.

1982ರ ಏಪ್ರಿಲಿನಲ್ಲಿ ಬಂದ ಸ್ಪೆಕ್ಟ್ರಮ್ಮಿಗೆ ಬಣ್ಣ ಬಂತು. 16 ಕಿಲೋಬೈಟಿನದಕ್ಕೆ 125 ಪೌಂಡು, 48 ಕಿಲೋಬೈಟಿನದಕ್ಕೆ 175. ರಬ್ಬರಿನ ಕೀಲಿಗಳು, ಮೂಲೆಯಲ್ಲಿ ಬಣ್ಣದ ಪಟ್ಟಿ. ಇದರ ಮೆಮೊರಿಯ ಒಳಗುಟ್ಟು ನನಗೆ ಬಲು ಇಷ್ಟ. ಆಗ ದೊಡ್ಡ ಮೆಮೊರಿ ಚಿಪ್ಪುಗಳನ್ನು ಮಾಡುವಾಗ ಬಹಳಷ್ಟು ಕೆಟ್ಟು ಹೋಗುತ್ತಿದ್ದವು. ಅವುಗಳಲ್ಲಿ ಎಷ್ಟೋ ಅರ್ಧ ಮಾತ್ರ ಕೆಟ್ಟಂಥವು, ಇನ್ನರ್ಧ ಚೆನ್ನಾಗಿಯೇ ಇರುತ್ತಿತ್ತು. ಸಿಂಕ್ಲೇರ್ ಅಂಥ ಚಿಪ್ಪುಗಳನ್ನು ಅಗ್ಗಕ್ಕೆ ಕೊಂಡು, ಯಾವ ಅರ್ಧ ಸರಿಯಿದೆಯೋ ಅದನ್ನು ನೋಡಿ ಬೋರ್ಡಿನ ಮೇಲೆ ಒಂದು ತಂತಿ ಹಾಕಿ, ಆ ಅರ್ಧವನ್ನೇ ಬಳಸಿದರು. ದೊಡ್ಡ ಕಂಪನಿಗಳು ಬೇಡವೆಂದದ್ದು ಹೀಗೆ ಹುಡುಗರ ಮೇಜಿನ ಮೇಲೆ ಆ 48ರಲ್ಲಿ 32 ಕಿಲೋಬೈಟಾಯಿತು. ಬಣ್ಣದಲ್ಲೂ ಹೀಗೆಯೇ ಉಳಿತಾಯ: ಪ್ರತಿ ಚುಕ್ಕಿಗೂ ಬಣ್ಣ ಕೊಡಲು ಮೆಮೊರಿ ಸಾಲದು, ಆದ್ದರಿಂದ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಒಂದೊಂದು ಮನೆಗೆ ಎರಡೇ ಬಣ್ಣ. ಇಡೀ ಪರದೆ 6912 ಬೈಟಿನಲ್ಲಿ ಮುಗಿಯಿತು. ಆಟದ ವೀರ ಮರದ ಮುಂದೆ ಹಾದು ಹೋದರೆ ಒಂದರ ಬಣ್ಣ ಇನ್ನೊಂದಕ್ಕೆ ಮೆತ್ತಿಕೊಳ್ಳುತ್ತಿತ್ತು. ಅದನ್ನು ಕಂಡು ಬೆಳೆದವರು ಇವತ್ತಿಗೂ ಒಂದು ಚಿತ್ರ ನೋಡಿದರೆ ಸಾಕು, ಇದು ಸ್ಪೆಕ್ಟ್ರಮ್ ಎಂದು ಗುರುತು ಹಿಡಿಯುತ್ತಾರೆ.

ಮಾನಿಟರಿಗೆ ದುಡ್ಡಿಲ್ಲ, ಮನೆಯ ಟಿವಿ. ಡಿಸ್ಕಿಗೆ ದುಡ್ಡಿಲ್ಲ, ಹಾಡು ಕೇಳುವ ಟೇಪ್ ರೆಕಾರ್ಡರು. ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಮು ಕಿರುಚುತ್ತ ಐದು ನಿಮಿಷ ಓಡುತ್ತಿತ್ತು, ವಾಲ್ಯೂಮ್ ಗುಂಡಿ ಒಂದು ಕೂದಲೆಳೆ ಆಚೀಚೆಯಾದರೆ ಮತ್ತೆ ಮೊದಲಿಂದ. ಅಟ್ಲಾಂಟಿಕಿನ ಆಚೆ ಕಮೋಡೋರ್ 64ದು ಇನ್ನೊಂದು ಬಗೆಯ ಪಾಡು. 1982ರಲ್ಲಿ 595 ಡಾಲರಿಗೆ ಬಂದ ಆ ಯಂತ್ರದ ಬೆಲೆ ಒಂದೇ ವರ್ಷದಲ್ಲಿ ಭರ್ರನೆ ಇಳಿದು, ಅದಕ್ಕೆ ಜೋಡಿಸುವ ಫ್ಲಾಪಿ ಡ್ರೈವೇ ಕಂಪ್ಯೂಟರಿಗಿಂತ ತುಟ್ಟಿ ಎನ್ನುವಂತಾಯಿತು. ಆ ಡ್ರೈವಿನೊಳಗೆ ಅದರದ್ದೇ ಸ್ವಂತ ಪ್ರೊಸೆಸರಿತ್ತು, ಸ್ವಂತ ಮೆಮೊರಿಯಿತ್ತು, ಆದರೂ ಡ್ರೈವಿನಿಂದ ಯಂತ್ರಕ್ಕೆ ಮಾಹಿತಿ ಹರಿಯುವುದು ಬಲು ನಿಧಾನ. ಹುಡುಗರು ಆ ಒಳಗಿನ ಪ್ರೊಸೆಸರಿಗೇ ಹೊಸ ಪ್ರೋಗ್ರಾಮು ಕಳಿಸಿ ವೇಗ ಹಲವು ಪಟ್ಟು ಏರಿಸಿದರು.

ಈಗ ನಮ್ಮ ಊರಿಗೆ ಬರುವ ದಾರಿ. ಅದು ಕೇಂಬ್ರಿಜ್ ಮೇಲಿಂದಲೇ ಬರುತ್ತದೆ. ಬಿಬಿಸಿ ತನ್ನ ನೋಡುಗರಿಗೆ ಕಂಪ್ಯೂಟರ್ ಕಲಿಸಲು ಹೊರಟಾಗ, ಅದಕ್ಕೆ ತಕ್ಕ ಯಂತ್ರವನ್ನು ಮಾಡಿಕೊಟ್ಟದ್ದು ಕೇಂಬ್ರಿಜ್‌ನ ಏಕಾರ್ನ್ ಕಂಪನಿ. 1981ರ ಡಿಸೆಂಬರಿನಲ್ಲಿ ಬಂದ ಬಿಬಿಸಿ ಮೈಕ್ರೋದ ಮಾಡೆಲ್ ಬಿಗೆ 335 ಪೌಂಡು, ಸ್ವಲ್ಪ ದಿನಕ್ಕೆ 399 ಆಯಿತು. ಸಿಂಕ್ಲೇರಿನ ಮುಂದೆ ಇದು ಶ್ರೀಮಂತರ ಮನೆಯದ್ದು. ಗಟ್ಟಿ ಕೀಲಿಗಳು, ಹಿಂದೆ ಕೆಳಗೆ ಬೇಕಾದಷ್ಟು ಸಾಕೆಟ್ಟುಗಳು, ಸೊಗಸಾದ ಬೇಸಿಕ್. 1984–85ರಲ್ಲಿ ಭಾರತ ಸರ್ಕಾರ "ಕ್ಲಾಸ್" ಎಂಬ ಯೋಜನೆ ಹಮ್ಮಿಕೊಂಡು ಶಾಲೆಗಳಿಗೆ ಕಂಪ್ಯೂಟರ್ ಕೊಡಲು ಹೊರಟಾಗ ಆರಿಸಿದ್ದು ಇದನ್ನೇ. ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಇದು ಬಂತು. ನನ್ನ ವಯಸ್ಸಿನ ಅನೇಕರು ಜೀವನದಲ್ಲಿ ಮೊದಲು ಮುಟ್ಟಿದ ಕಂಪ್ಯೂಟರು ಅದೇ: ಬೂದಿ ಬೆರೆತ ಹಾಲಿನ ಬಣ್ಣದ ಮೈ, ಮೇಲಿನ ಸಾಲಿನಲ್ಲಿ ಕೆಂಪು ಕೀಲಿಗಳು, ಸ್ವಿಚ್ ಹಾಕಿದ ಕೂಡಲೇ ಎರಡು ಸ್ವರದ ಒಂದು ಕೂಗು, ಪರದೆಯ ಮೇಲೆ "ಬಿಬಿಸಿ ಕಂಪ್ಯೂಟರ್ 32ಕೆ". ಚಪ್ಪಲಿ ಹೊರಗೆ ಬಿಡಬೇಕು. ಶಾಲೆಯಲ್ಲಿ ಏಸಿ ಇದ್ದದ್ದು ಆ ಕೋಣೆಗೆ ಮಾತ್ರ. ಕೆಲಸ ಮುಗಿದ ಮೇಲೆ ಮೇಷ್ಟ್ರು ತಾವೇ ಮುಂದೆ ನಿಂತು ಗೌಸು ಹೊದಿಸುತ್ತಿದ್ದರು. ಒಂದು ಯಂತ್ರದ ಮುಂದೆ ನಾಲ್ಕಾರು ಮಕ್ಕಳು. ಒಬ್ಬ ಒತ್ತಬೇಕು, ಉಳಿದವರು ಹೇಳಬೇಕು. ಹೇಳುವವರು ಒತ್ತುವವನಿಗಿಂತ ಚೆನ್ನಾಗಿ ಕಲಿತರು ಎಂದು ನನಗೆ ಅನೇಕ ಸಲ ಅನ್ನಿಸಿದೆ, ಯಾಕೆಂದರೆ ತಮ್ಮ ಸರದಿ ಬರುವವರೆಗೆ ಅವರು ಇಡೀ ಪ್ರೋಗ್ರಾಮನ್ನು ತಲೆಯಲ್ಲೇ ಓಡಿಸಿ ನೋಡಬೇಕಾಗಿತ್ತು.

ಅದೇ 32 ಕಿಲೋಬೈಟಿನ ಯಂತ್ರಕ್ಕೆ 1984ರಲ್ಲಿ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ವಿದ್ಯಾರ್ಥಿಗಳು ಎಲೈಟ್ ಎಂಬ ಆಟ ಬರೆದರು. ಎಂಟು ನಕ್ಷತ್ರಪುಂಜ, ಒಂದೊಂದರಲ್ಲಿ 256 ಲೋಕ, ಪ್ರತಿ ಲೋಕಕ್ಕೂ ಹೆಸರು, ಸರ್ಕಾರ, ಮಾರುಕಟ್ಟೆ. ಇಷ್ಟನ್ನೂ ಬರೆದಿಡಲು ಜಾಗವೆಲ್ಲಿ? ಅವರು ಬರೆದಿಡಲಿಲ್ಲ. ಒಂದು ಬೀಜಸಂಖ್ಯೆಯಿಂದ ಲೆಕ್ಕದ ಸೂತ್ರ ಹಿಡಿದು ಪ್ರತಿ ಲೋಕವನ್ನೂ ಬೇಕಾದಾಗ ಹುಟ್ಟಿಸಿದರು. ಸೂತ್ರ ಅದೇ, ಆದ್ದರಿಂದ ಎಷ್ಟು ಸಲ ಹೋದರೂ ಲೋಕ ಅದೇ. ಮೆಮೊರಿಗೆ ಬೆಲೆ ಇಲ್ಲದಿದ್ದರೆ ಯಾರಿಗೂ ಹೊಳೆಯದೆ ಹೋಗಬಹುದಾಗಿದ್ದ ಯೋಚನೆ ಇದು.

1984ರ ನವೆಂಬರಿನಲ್ಲಿ ಹೊಸ ಕಂಪ್ಯೂಟರ್ ನೀತಿ ಬಂದ ಮೇಲೆ ನಮ್ಮಲ್ಲಿ ಲೈಸೆನ್ಸಿನ ಕಟ್ಟು ಸಡಿಲವಾಯಿತು. ಆದರೂ ಮನೆಗೆ ಕಂಪ್ಯೂಟರ್ ಎಂಬುದು ಬಹಳ ಜನರಿಗೆ ತೊಂಬತ್ತರ ದಶಕದ ಮಾತೇ. ಬೆಂಗಳೂರಿನವರಾದರೆ ಎಸ್.ಪಿ. ರೋಡು. ಸಾದರ್ ಪತ್ರಪ್ಪನವರ ಹೆಸರಿನ ಆ ಬೀದಿಯಲ್ಲಿ ಬ್ರಾಂಡೆಡ್ ಕೊಳ್ಳುವವರು ಓಡಾಡುತ್ತಿರಲಿಲ್ಲ. "ಅಸೆಂಬಲ್" ಮಾಡಿಸುವವರದ್ದು ಅದು. ಚೀಟಿ ಹಿಡಿದು ಅಂಗಡಿ ಅಂಗಡಿ ಹತ್ತುವುದು: ಬೋರ್ಡು ಎಷ್ಟು, ಪ್ರೊಸೆಸರ್ ಎಷ್ಟು, ಕ್ಯಾಬಿನೆಟ್ಟಿನ ಜೊತೆ ಎಸ್ಎಂಪಿಎಸ್ ಬರುತ್ತದೋ ಇಲ್ಲವೋ. ರ್ಯಾಮಿನ ರೇಟು ಬೆಳಗಿನದು ಸಂಜೆಗಿಲ್ಲ. 1993ರ ಜುಲೈಯಲ್ಲಿ ಜಪಾನಿನ ನೀಹಾಮಾದಲ್ಲಿ ಸುಮಿಟೊಮೊ ಕಂಪನಿಯ ಕಾರ್ಖಾನೆ ಸ್ಫೋಟವಾಯಿತು. ಚಿಪ್ಪಿನ ಹೊರಕವಚಕ್ಕೆ ಬೇಕಾದ ಅಂಟುರಾಳದಲ್ಲಿ ಜಗತ್ತಿನ ಬಹುಪಾಲು ಅಲ್ಲಿಂದ ಬರುತ್ತಿತ್ತು; ಲೋಕದೆಲ್ಲೆಡೆ ಮೆಮೊರಿ ಬೆಲೆ ನೆಗೆಯಿತು. ಶಿಕೊಕು ದ್ವೀಪದ ಬೆಂಕಿಯ ಬಿಸಿ ನಾಲ್ಕು ಎಂಬಿ ಕೊಳ್ಳಲು ದುಡ್ಡು ಕೂಡಿಡುತ್ತಿದ್ದವರ ಜೇಬಿಗೂ ತಟ್ಟಿತು.

ಹೀಗೆ ಅಂಗಾಂಗವಾಗಿ ಮನೆಗೆ ಬಂದ ಯಂತ್ರದ ಪರಿಚಯವೇ ಬೇರೆ. ಈ ವರ್ಷ ಮೂಲ ಪೆಟ್ಟಿಗೆ, ಬರುವ ಬೋನಸ್ಸಿಗೆ ಹಾರ್ಡ್ ಡಿಸ್ಕು, ಅದರಾಚೆ ಕಲರ್ ಮಾನಿಟರು. ಯಾವ ಕಾರ್ಡು ಯಾವ ಸ್ಲಾಟಿನಲ್ಲಿದೆ, ಜಂಪರ್ ಯಾವ ಕಡೆಗಿದೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತು. ಆಟೋಕ್ಯಾಡ್ ಕಲಿಯುವ ಎಂಜಿನಿಯರಿಂಗ್ ಹುಡುಗರಿಗೆ ಬೋರ್ಡಿನ ಮೇಲೆ ಖಾಲಿ ಬಿದ್ದ, 80387 ಎಂಬ ಲೆಕ್ಕದ ಚಿಪ್ಪಿನ ಸಾಕೆಟ್ಟು ದಿನಾ ಕಾಣುವ ಕೊರತೆ. ಆ ಚಿಪ್ಪಿನ ಕೆಲಸವನ್ನು ನಿಧಾನವಾಗಿಯಾದರೂ ಮಾಡಿಕೊಡುವ ಪುಟ್ಟ ಪ್ರೋಗ್ರಾಮುಗಳು ಫ್ಲಾಪಿಯಿಂದ ಫ್ಲಾಪಿಗೆ ಹರಿದಾಡಿದವು. ಡಾಸ್ ಇದ್ದವರೆಲ್ಲ 640 ಕಿಲೋಬೈಟಿನ ಗೆರೆಯೊಳಗೆ ಇನ್ನೊಂದಿಷ್ಟು ಜಾಗ ಹೊರಡಿಸಲು ಕಾನ್ಫಿಗ್ ಡಾಟ್ ಸಿಸ್ ಫೈಲನ್ನು ಸಾಲು ಸಾಲು ತಿದ್ದುತ್ತಿದ್ದರು. ಹಳೆಯ ಹಾರ್ಡ್ ಡಿಸ್ಕನ್ನು ಆರಿಸುವ ಮುನ್ನ "ಪಾರ್ಕ್" ಎಂದು ಆಜ್ಞೆ ಕೊಟ್ಟು ಅದರ ತಲೆಯನ್ನು ಸುರಕ್ಷಿತ ಜಾಗಕ್ಕೆ ಸರಿಸುವುದು ವಾಡಿಕೆ. ಪ್ರಿಂಟರಿನ ರಿಬ್ಬನ್ನು ಒಣಗಿದರೆ ಎಸೆಯುವುದಿಲ್ಲ, ಮತ್ತೆ ಇಂಕು ಹಾಕಿಸುವುದು. ಮಲೆನಾಡಿನ ಮಳೆಗಾಲದಲ್ಲಿ ಫ್ಲಾಪಿಗೆ ಬೂಷ್ಟು ಹಿಡಿಯುತ್ತಿತ್ತು. ಅಲ್ಲಿನವರು ಅವನ್ನು ಬಲ್ಬು ಉರಿಯುವ ಕಪಾಟಿನಲ್ಲಿಟ್ಟು ಬೆಚ್ಚಗೆ ಕಾಪಾಡುತ್ತಿದ್ದರು.

ನನಗೆ ಎಲ್ಲಕ್ಕಿಂತ ಹತ್ತಿರವಾದ ಕಥೆ ಕನ್ನಡದ್ದು. ಒಂದು ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡವೇ ದುಬಾರಿ ಹಾರ್ಡ್‌ವೇರಾಗಿತ್ತು. ಕಾನ್ಪುರದ ಐಐಟಿಯಲ್ಲಿ ಹುಟ್ಟಿ, 1988ರಲ್ಲಿ ಸ್ಥಾಪನೆಯಾದ ಪುಣೆಯ ಸಿಡ್ಯಾಕ್‌ನಲ್ಲಿ ಬೆಳೆದ "ಜಿಸ್ಟ್" ತಂತ್ರಜ್ಞಾನ ಭಾರತೀಯ ಲಿಪಿಗಳನ್ನು ಪರದೆಗೆ ತಂದಿತು. ದೊಡ್ಡ ಸಾಧನೆ. ಆದರೆ ಪಿಸಿಯಲ್ಲಿ ಅದು ಬಂದದ್ದು ಒಳಗೆ ಸಿಕ್ಕಿಸುವ ಕಾರ್ಡಾಗಿ. ಅಕ್ಷರ ಮೂಡಿಸುವ ಭಾರವನ್ನೆಲ್ಲ ಆ ಕಾರ್ಡೇ ಹೊರುತ್ತಿತ್ತು. ಕಚೇರಿಗಳು ಕೊಂಡವು. ಮನೆಯಲ್ಲಿ ಕೂತು ಕನ್ನಡ ಬರೆಯುವ ಮೇಷ್ಟ್ರಿಗೆ, ಸಣ್ಣ ಮುದ್ರಣಾಲಯದವರಿಗೆ ಅದು ದೂರದ ಮಾತು.

ಇಲ್ಲಿ ಕೆ.ಪಿ. ರಾವ್ ಬರುತ್ತಾರೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, ಅಚ್ಚಿನ ಅಕ್ಷರದ ಒಳಹೊರಗು ಬಲ್ಲವರು. ಕನ್ನಡದಲ್ಲಿ ಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಸಾವಿರಾರು ರೂಪಗಳು. ಎಂಟು ಬಿಟ್ಟಿನ ಫಾಂಟಿನಲ್ಲಿ ಇರುವುದು ಹೆಚ್ಚೆಂದರೆ 256 ಮನೆ. ಅಕ್ಷರವನ್ನೇ ತುಂಡು ಮಾಡಿ, ಮೈ ಬೇರೆ, ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ ಇಟ್ಟುಕೊಂಡು, ಬೇಕಾದಾಗ ಜೋಡಿಸುವುದೇ ಇದಕ್ಕೆ ದಾರಿ. ಸೀಸದ ಮೊಳೆ ಜೋಡಿಸುತ್ತಿದ್ದ ನಮ್ಮ ಕಂಪೋಸಿಟರುಗಳು ಬಲ್ಲ ವಿದ್ಯೆಯೇ ಇದು. ಇನ್ನು ಕೀಲಿಮಣೆ. ಬೇರೆ ಕೀಬೋರ್ಡು ಕೊಳ್ಳಬೇಕಿಲ್ಲ, ಕೀಲಿಗಳ ಮೇಲೆ ಚೀಟಿ ಅಂಟಿಸಬೇಕಿಲ್ಲ. ಇರುವ 26 ಇಂಗ್ಲಿಷ್ ಅಕ್ಷರಗಳ ಕೀಲಿಯಲ್ಲೇ ಕನ್ನಡದ ವರ್ಣಮಾಲೆ ಕೂರಿಸಿದರು. ಕ ಬೇಕೆಂದರೆ ಕೆ, ಮಹಾಪ್ರಾಣಕ್ಕೆ ಶಿಫ್ಟು, ಒತ್ತಿಗೆ ಎಫ್ ಕೀಲಿ. ಆ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು, ಬೇಕೆಂದವರಿಗೆಲ್ಲ ಉಚಿತವಾಗಿ ಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ ಕೀಲಿಮಣೆ ವಿನ್ಯಾಸಕ್ಕೂ, "ನುಡಿ" ತಂತ್ರಾಂಶಕ್ಕೂ ಇದೇ ತಳಹದಿ. ವೋಜ್ನಿಯಾಕ್ ಬೋರ್ಡಿನ ಮೇಲಿನ ಚಿಪ್ಪುಗಳನ್ನು ಪ್ರೋಗ್ರಾಮಿಗೆ ಕರಗಿಸಿದ್ದಕ್ಕೂ, ರಾಯರು ಕಾರ್ಡಿಲ್ಲದೆ ಕನ್ನಡ ತಂದದ್ದಕ್ಕೂ ನನ್ನ ಲೆಕ್ಕದಲ್ಲಿ ಒಂದೇ ಕುಲ.

ಹೀಗೆಲ್ಲ ಹೊಗಳುವಾಗ ಒಂದು ಮಾತನ್ನು ನೇರವಾಗಿ ಹೇಳಿಬಿಡಬೇಕು. ಆ ದುಬಾರಿತನ ಒಳ್ಳೆಯದಾಗಿರಲಿಲ್ಲ. ಎಷ್ಟೋ ಶಾಲೆಗಳಲ್ಲಿ ಕಂಪ್ಯೂಟರಿಗೆ ಪ್ರತ್ಯೇಕ ಫೀಸು. ಕಟ್ಟಲಾಗದ ಮಕ್ಕಳು ಏಸಿ ಕೋಣೆಯ ಗಾಜಿನಾಚೆ ನಿಂತು ನೋಡಿದರು. ಅವರಲ್ಲಿ ಇನ್ನೊಬ್ಬ ಹೋರ್ನ್, ಇನ್ನೊಬ್ಬ ಸೋಫಿ ವಿಲ್ಸನ್ ಇರಲಿಲ್ಲವೆಂದು ಹೇಳುವವರು ಯಾರು? ಹಾಗಾಗಿ "ಆಗ ಕಷ್ಟವಿತ್ತು, ಅದಕ್ಕೇ ನಾವು ಕಲಿತೆವು, ಈಗಿನವರಿಗೆ ಎಲ್ಲ ಸುಲಭ" ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಾವು ಕೊಂಡಾಡುವ ಮಹನೀಯರೆಲ್ಲ ಆ ಕಷ್ಟವನ್ನು ಕಡಿಮೆ ಮಾಡಲು ಹೆಣಗಿದವರು. ಹಳೆಯದನ್ನು ಪ್ರೀತಿಸುವವರು ಅವರ ಪಕ್ಷದಲ್ಲಿ ನಿಲ್ಲಬೇಕು, ಬೆಲೆಯ ಪಕ್ಷದಲ್ಲಲ್ಲ.

ಸೋಫಿ ವಿಲ್ಸನ್ ಹೆಸರು ಸುಮ್ಮನೆ ಬರಲಿಲ್ಲ. ಬಿಬಿಸಿ ಮೈಕ್ರೋದ ಬೇಸಿಕ್ ಬರೆದವರು ಅವರು. ಅವರೂ ಸ್ಟೀವ್ ಫರ್ಬರ್ ಅವರೂ ಏಕಾರ್ನ್ ಕಂಪನಿಯಲ್ಲೇ ಒಂದು ಹೊಸ ಪ್ರೊಸೆಸರ್ ಮಾಡಲು ಕೂತರು. ಚಿಪ್ಪು ಬಿಸಿಯಾದರೆ ದುಬಾರಿಯ ಸೆರಾಮಿಕ್ ಕವಚ ಬೇಕು. ಅಗ್ಗದ ಪ್ಲಾಸ್ಟಿಕ್ ಕವಚ ಸಾಕಾಗಬೇಕಾದರೆ ಅದು ಒಂದು ವಾಟ್‌ನೊಳಗೆ ಇರಬೇಕು. ಆ ಪುಡಿಗಾಸಿನ ಉಳಿತಾಯಕ್ಕಾಗಿ ಎಷ್ಟು ಜಾಗ್ರತೆ ವಹಿಸಿದರೆಂದರೆ, 1985ರ ಏಪ್ರಿಲ್ 26ರಂದು ಮೊದಲ ಚಿಪ್ಪು ಬಂದಾಗ ವಿದ್ಯುತ್ ಅಳೆಯುವ ಮೀಟರು ಸೊನ್ನೆ ತೋರಿಸಿತು, ಚಿಪ್ಪು ಮಾತ್ರ ಓಡುತ್ತಿತ್ತು! ನೋಡಿದರೆ ಅದಕ್ಕೆ ವಿದ್ಯುತ್ತಿನ ಸಂಪರ್ಕವನ್ನೇ ಕೊಟ್ಟಿರಲಿಲ್ಲ. ಬೇರೆ ತಂತಿಗಳಿಂದ ಸೋರಿ ಬರುತ್ತಿದ್ದಷ್ಟರಲ್ಲೇ ಅದು ಕೆಲಸ ಮಾಡುತ್ತಿತ್ತು. ಅದೇ ವರ್ಷದ ಇಂಟೆಲ್ 386ರಲ್ಲಿ 2,75,000 ಟ್ರಾನ್ಸಿಸ್ಟರು. ಇದರಲ್ಲಿ ಸುಮಾರು 25,000. ಅದರ ಹೆಸರು ಆರ್ಮ್. ಇವತ್ತು ನಮ್ಮ ನಿಮ್ಮ ಜೇಬಿನ ಫೋನು ಬೆಳಗಿಂದ ರಾತ್ರಿವರೆಗೆ ಬ್ಯಾಟರಿಯಲ್ಲಿ ಓಡುತ್ತಿರುವುದು ಆ ಪ್ಲಾಸ್ಟಿಕ್ ಕವಚದ ಚಿಂತೆಯ ಫಲ. ಕೇಂಬ್ರಿಜ್‌ನವರೇ 2012ರಲ್ಲಿ ಅದೇ ಆರ್ಮ್ ಚಿಪ್ಪು ಹಾಕಿ 35 ಡಾಲರಿನ ರಾಸ್ಪ್‌ಬೆರಿ ಪೈ ಮಾಡಿದಾಗ, ಮಾಡೆಲ್ ಎ, ಮಾಡೆಲ್ ಬಿ ಎಂದು ಬಿಬಿಸಿ ಮೈಕ್ರೋದ ಹೆಸರುಗಳನ್ನೇ ಇಟ್ಟರು.

ಹಾಗಾದರೆ ಆ ಜಾಣ್ಮೆಗೆ ಈಗ ಕೆಲಸವಿದೆಯೇ? ಇದೆ. ಇಂದು ಎಸ್.ಪಿ. ರೋಡಿಗೆ ಹೋಗಿ ನಿಂತರೆ ಬ್ಯಾಗು ಹೊತ್ತ ವಿದ್ಯಾರ್ಥಿಗಳು ಆರ್ಡುಯಿನೋ ಬೋರ್ಡು ಕೇಳುತ್ತಿರುತ್ತಾರೆ. ತೋಟದ ಪಂಪ್‌ಸೆಟ್ಟನ್ನು ಫೋನಿನಿಂದ ಹಾಕಿ ಆರಿಸುವುದು, ಮಣ್ಣಿನ ತೇವ ಅಳೆಯುವುದು, ಇಂಥವೇ ಅವರ ಪ್ರಾಜೆಕ್ಟುಗಳು. ಮೂಲ ಮಾದರಿಯ ಆರ್ಡುಯಿನೋ ಊನೋದಲ್ಲಿ ಓಡಾಡಲು ಇರುವ ಮೆಮೊರಿ 2 ಕಿಲೋಬೈಟು, ಜೆಡ್‌ಎಕ್ಸ್ 81ರ ಎರಡರಷ್ಟು ಮಾತ್ರ. ಸಂದೇಶವೊಂದು ಉದ್ದವಾಯಿತೆಂದು ಪ್ರೋಗ್ರಾಮು ಕುಸಿದಾಗ ಆ ಮಕ್ಕಳಿಗೆ ಬೇಕಾದ ವಿದ್ಯೆ, ಒಂದು ಕಾಲದಲ್ಲಿ ಬೈಟು ಎಣಿಸಿ ಬದುಕಿದವರಿಗೆ ಕರತಲಾಮಲಕ. ಅಂಥವರು ನಮ್ಮ ಊರುಗಳಲ್ಲಿ ರಿಟೈರಾಗಿ ಮನೆಯಲ್ಲಿದ್ದಾರೆ. ಹತ್ತಿರದ ಹೈಸ್ಕೂಲಿಗೋ ಡಿಪ್ಲೊಮಾ ಕಾಲೇಜಿಗೋ ಹೋಗಿ, ವಾರಕ್ಕೊಂದು ಮಧ್ಯಾಹ್ನ ಆ ಹುಡುಗ ಹುಡುಗಿಯರ ಜೊತೆ ಕೂತು, "ಇಷ್ಟು ಜಾಗದಲ್ಲೇ ಆಗುತ್ತೆ ಕಣಮ್ಮ, ತೋರಿಸ್ತೀನಿ ಬಾ" ಎಂದರೆ, ನಾವು ಕೊಟ್ಟ ಆ ದುಬಾರಿ ಬೆಲೆಗೆ ತಕ್ಕ ಪ್ರಯೋಜನ ಇನ್ನೊಂದು ತಲೆಮಾರಿಗೂ ಸಲ್ಲುತ್ತದೆ.